ಹಿರೇಕೆರೂರಿನಿಂದ ಸವಣೂರಿಗೆ ಒಂದು ಚಂಚಿ

ಬಸ್ಸು ಏಳು ಗಂಟೆಗೆ ಬಿಡುತ್ತದೆ ಎಂದು ಏಜಂಟ ಹೇಳಿದ್ದ. ಏಳು ಗಂಟೆಗೆ ಅದರ ಬೆನ್ನಿಗೆ ಕಟ್ಟಿದ ಇದ್ದಿಲ ಒಲೆಗೆ ಬೆಂಕಿ ಹಚ್ಚಿದರು. ಯುದ್ಧದ ದಿನಗಳು. ಪೆಟ್ರೋಲು ಸಿಗದೆ ನಮ್ಮ ಕಡೆಯ ಬಸ್ಸುಗಳು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಎಂಬುದೂ ದೊಡ್ಡ ಮಾತೇ. ಡ್ರೈವರ ಅರ್ಧ ತಾಸು ಒಲೆಗೆ ಗಾಳಿ ಊದುವ ಪಂಖದ ಹಿಡಿಕೆ ತಿರುವಿದ, ಹೊಗೆ ಕುಡಿದು ಕೆಮ್ಮಿದ, ಬಸ್ಸಿನ ಹಿಂದಿನ ಹತ್ತು ತಲೆಮಾರನ್ನು ಬೈದ. ಎಂಟೂಕಾಲಿಗೆ ಹಿರೇಕೆರೂರು ಬಿಟ್ಟೆವು. ಹಾನಗಲ್ಲಿಗೆ ಹತ್ತಾಣೆ ಟಿಕೀಟು.

ನಾನು ಹಿರೇಕೆರೂರ ಕಡೆಯ ಒಂದು ಕನ್ನಡ ಶಾಲೆಯ ಹೆಡ್ ಮಾಸ್ತರ. ಶಿಗ್ಗಾವಿಯಲ್ಲಿ ವಿಜಯದಶಮಿಯ ದಿನ ಉಪನ್ಯಾಸ ಮಾಡಲು ಅಲ್ಲಿಯ ಮಾಸ್ತರರು ನನ್ನನ್ನು ಕರೆದಿದ್ದರು. ವಿಷಯವನ್ನು ನಾನೇ ಆರಿಸಿದ್ದೆ: ‘ಸ್ನೇಹ ಎಂಬ ಶಬ್ದದ ಅರ್ಥ ಮತ್ತು ಬಳಕೆ’. ಹನ್ನೆರಡು ಪುಟ ಬರೆದಿದ್ದೆ. ಶಬ್ದಗಳ ಅರ್ಥ ಹೇಳುವುದು ಇಪ್ಪತ್ತು ವರ್ಷದಿಂದ ನನ್ನ ಹೊಟ್ಟೆಪಾಡು. ಅದರಲ್ಲಿ ನನ್ನನ್ನು ಯಾರಾದರೂ ಹಿಡಿದುಹಾಕಬಲ್ಲರು ಎಂಬ ಅಂಜಿಕೆ ನನಗೆ ಎಂದೂ ಇರಲಿಲ್ಲ. ಆದರೆ ಅಸಲು ಕೆಲಸವಿದ್ದದ್ದು ಶಿಗ್ಗಾವಿಯಿಂದ ಹತ್ತು ಮೈಲಿ ಆಚೆ, ಸವಣೂರಿನಲ್ಲಿ. ಅಲ್ಲಿ ದಾವಲಸಾಬನ ಎಲೆಬಳ್ಳಿಯ ತೋಟವಿದೆ. ದಾವಲ ನನ್ನ ಗೆಳೆಯ. ಮೂರು ವರ್ಷದ ಹಿಂದಿನವರೆಗೆ ಗೆಳೆಯನಾಗಿದ್ದ ಎಂದು ಬರೆಯುವುದು ಹೆಚ್ಚು ಸರಿ.

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ನಾವಿಬ್ಬರೂ ಶಿಗ್ಗಾವಿಯ ಒಂದೇ ಖೋಲಿಯಲ್ಲಿ ಕೂತು ಓದಿದವರು. ಒಂದು ಕಂದೀಲು, ಒಂದು ಚಾಪೆ, ಇಬ್ಬರ ನಡುವೆ ಒಂದು ಚಂಚಿ. ದೂರದ ಓದುಗರಿಗಾಗಿ ಹೇಳುತ್ತೇನೆ: ಚಂಚಿ ಎಂದರೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ದಪ್ಪ ಬಟ್ಟೆಯ ಚೀಲ. ಮೂರು ಖಾನೆ, ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು. ನಮ್ಮಲ್ಲಿ ಪರಿಚಯದವನಿಗೆ ಚಂಚಿ ಬಿಚ್ಚಿ ಮುಂದೆ ಹಿಡಿಯುತ್ತೇವೆ. ಬೀಗರಿಗೂ ಸಾಹೇಬರಿಗೂ ತಬಕಿನಲ್ಲಿ ಎಲೆ ಅಡಿಕೆ ಜೋಡಿಸಿ ತರುತ್ತೇವೆ. ಗೆಳೆಯನಿಗೆ ಕೊಡುವ ಪ್ರಶ್ನೆಯೇ ಇಲ್ಲ. ಅವನು ಮಾತಾಡುತ್ತ ಮಾತಾಡುತ್ತಲೇ ನಿಮ್ಮ ಸೊಂಟಕ್ಕೆ ಕೈ ಹಾಕಿ, ಬೇಕಾದ್ದನ್ನು ತೆಗೆದುಕೊಂಡು, ಚಂಚಿಯನ್ನು ಅಲ್ಲೇ ಸಿಕ್ಕಿಸುತ್ತಾನೆ.

ನಾನು ಹೆಡ್ ಮಾಸ್ತರನಾದ ವರ್ಷ ಇನ್‌ಸ್ಪೆಕ್ಟರ ಸಾಹೇಬರು ಶಾಲೆ ನೋಡಲು ಬಂದರು. ಊರ ದೊಡ್ಡವರೆಲ್ಲ ಕುರ್ಚಿಯ ಮೇಲೆ ಕೂತಿದ್ದರು. ಅದೇ ಹೊತ್ತಿಗೆ ದಾವಲ ಪ್ರತಿ ವರ್ಷದಂತೆ ಸವಣೂರಿನಿಂದ ಒಂದು ಬುಟ್ಟಿ ಎಲೆ ಹೊತ್ತು ಬಂದ. ಬುಟ್ಟಿ ಇಳಿಸಿದ, ನನ್ನ ಮಗ್ಗುಲಿಗೆ ನಿಂತ, ದಾರಿಯ ಧೂಳಿನ ಬಗ್ಗೆ ಏನೋ ಹೇಳುತ್ತ ನನ್ನ ಸೊಂಟಕ್ಕೆ ಕೈ ತಂದ. ನಾನು ಅವನ ಮಣಿಕಟ್ಟು ಹಿಡಿದೆ. ಹಿಡಿದು, ಎಲ್ಲರೆದುರು ಪಕ್ಕಕ್ಕೆ ಸರಿಸಿ, ‘ಸಾಬರಿಗೆ ತಬಕು ತರ್ರಿ’ ಎಂದು ಜವಾನನಿಗೆ ಹೇಳಿದೆ. ತಬಕು ಬಂತು. ದಾವಲ ಅದರಿಂದ ಒಂದೇ ಎಲೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ, ಸಾಹೇಬರಿಗೆ ಸಲಾಮು ಮಾಡಿದ, ನಡೆದುಬಿಟ್ಟ.

ಆಮೇಲೆ ಬರಲಿಲ್ಲ. ನಾಲ್ಕು ಕಾಗದ ಬರೆದೆ. ನಾಲ್ಕಕ್ಕೂ ಉತ್ತರ ಬಂತು, ಪ್ರತಿಯೊಂದರಲ್ಲೂ ‘ತಮ್ಮ ಕೃಪೆಯಿಂದ ನಾವೆಲ್ಲ ಕ್ಷೇಮ’. ತಬಕು ತರಿಸಿದ ಆ ದಿನದಿಂದ ನಾನು ಚಂಚಿ ಬಿಟ್ಟೆ. ಹೆಡ್ ಮಾಸ್ತರನಿಗೆ ಅದು ಒಪ್ಪುವುದಿಲ್ಲ ಎಂದು ಮಂದಿಗೆ ಹೇಳಿದೆ. ಖರೆ ಹೇಳಬೇಕೆಂದರೆ, ಅದನ್ನು ಸಿಕ್ಕಿಸಿಕೊಂಡಾಗಲೆಲ್ಲ ಆ ಮಣಿಕಟ್ಟು ನೆನಪಾಗುತ್ತಿತ್ತು. ಈ ಸಲ ಅದಕ್ಕೊಂದು ಕೊನೆ ಕಾಣಿಸಿಯೇ ತಿರುಗಿ ಬರುವುದೆಂದು ಹೊರಟಿದ್ದೆ. ದಾವಲನ ಕೈ ಮತ್ತೆ ನನ್ನ ಚಂಚಿಗೆ ಬರಬೇಕು. ನನಗೆ ಬೇಕಾದದ್ದು ಅಷ್ಟೇ.

ಕಾಣಿಕೆಯೆಂದು ಅವನಿಗೆ ಒಂದು ಹೊಸ ಹಿತ್ತಾಳೆ ತಬಕು ಕೊಂಡಿದ್ದೆ. ಹೊರಡುವ ಮುಂಜಾನೆ ನನ್ನ ಹೆಂಡತಿ ಗಂಗವ್ವ ಅದನ್ನು ಚೀಲದಿಂದ ಹೊರಗೆ ತೆಗೆದಳು.

“ತಬಕ ಯಾಕ ಹೊತ್ಗೊಂಡು ಹೊಂಟೀರಿ? ಬೀಗಸ್ತನ ಮಾಡಾಕ ಹೊಂಟೀರೇನು?”

“ಬರಿಗೈಲೆ ಹೋಗಬೇಕೇನ?”

“ಗೆಳೆತಾನ ಕಡದಿದ್ದು ತಬಕಿನ್ಯಾಗ. ಮತ್ತ ಅದ್ರಾಗ ಹಚ್ಚತೀರಿ?” ಎಂದು ಟ್ರಂಕಿನ ತಳದಿಂದ ಹಳೆಯ ಚಂಚಿಯನ್ನು ತೆಗೆದು, ಝಾಡಿಸಿ, ಮೂರು ಖಾನೆಯನ್ನೂ ತುಂಬಿ ಕೈಗಿತ್ತಳು. ನಾನು ಅರ್ಥ ಹೇಳುವ ಮನುಷ್ಯ. ಬಳಕೆ ನಮ್ಮ ಮನೆಯಲ್ಲಿ ಅವಳ ಖಾತೆ. ತಬಕನ್ನು ಮನೆಯಲ್ಲೇ ಬಿಟ್ಟು ಚಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮಳೆ ಹಿಂದೆಗೆದಿತ್ತು. ದಾರಿಯ ಎರಡೂ ಕಡೆ ಜೋಳ ಆಳೆತ್ತರ ನಿಂತಿತ್ತು, ಕೆರೆಗಳು ತುಂಬಿದ್ದವು. ಚಿಕ್ಕೇರೂರು ದಾಟಿ ಎರಡು ಮೈಲಿ ಹೋದ ಮೇಲೆ ಒಂದು ಸಣ್ಣ ಏರು ಬಂತು. ಕಾಲಿನಿಂದ ನಡೆಯುವವನಿಗೆ ಅದು ಏರೆಂದೇ ಗೊತ್ತಾಗದು. ಬಸ್ಸಿಗೆ ಗೊತ್ತಾಯಿತು, ನಿಂತಿತು. ಡ್ರೈವರ ಇಳಿದು, “ಎಲ್ಲಾರೂ ಇಳೀರಿ, ನೂಕ್ರಿ, ದಸರಾ ಹಬ್ಬ ಇಲ್ಲೇ ಮಾಡೂದೇನು?” ಎಂದು ಕೂಗಿದ. ಇಳಿದು ನೂಕಿದೆವು. ನನ್ನ ಮಗ್ಗುಲಲ್ಲಿ ಮಾಸೂರಿನ ಒಬ್ಬ ಮುದುಕಿ ಸೀರೆಯ ಕಚ್ಚೆ ಬಿಗಿದು ಹೆಗಲು ಕೊಟ್ಟಿದ್ದಳು. ಅಕ್ಕಿಆಲೂರಿನ ಮಗಳ ಮನೆಗೆ ಹೊರಟವಳು. ಏರು ಹತ್ತಿಸಿದ ಮೇಲೆ ಒಲೆ ಮತ್ತೆ ಕಾಯಲಿ ಎಂದು ಎಲ್ಲರೂ ದಾರಿಯ ಸೇತುವೆಯ ಕಟ್ಟೆಯ ಮೇಲೆ ಕೂತೆವು. ಮುದುಕಿ ನನ್ನ ಮಗ್ಗುಲಲ್ಲೇ ಕೂತು, ಮಗಳ ಅತ್ತೆಯ ಗುಣ ಬಣ್ಣಿಸುತ್ತ ಬಣ್ಣಿಸುತ್ತ, ಒಂದು ಮಾತೂ ಕೇಳದೆ ನನ್ನ ಚಂಚಿಗೆ ಕೈ ಹಾಕಿದಳು.

ನನಗೆ ಸಿಟ್ಟೇ ಬಂತು. “ಏನ್ ಬೇ ಯಮ್ಮಾ, ಕೇಳೂದಿಲ್ಲ ಬಿಡೂದಿಲ್ಲ!”

ಅವಳು ಅಡಿಕೆ ಆರಿಸುತ್ತಲೇ ಹೇಳಿದಳು. “ನಿನ್ನ ಕೂಡ ಬಸ್ಸ ನೂಕೇನಿ. ಇನ್ನ ಅಡಕೀಗೆ ಕೇಳಬೇಕೇನೋ ಎಪ್ಪಾ?”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನಕ್ಕಿದ್ದಷ್ಟೇ ಅಲ್ಲ, ಅವರೂ ನೂಕಿದವರೇ ಆದ್ದರಿಂದ ಒಬ್ಬೊಬ್ಬರಾಗಿ ಕೈ ಹಾಕಿದರು. ಡ್ರೈವರ ಎರಡು ಸಲ ಹಾಕಿದ. ಮೊದಲು ನನ್ನ ಕೈ ತಾನಾಗಿ ಚಂಚಿಯನ್ನು ಮುಚ್ಚಲು ಹೋಗುತ್ತಿತ್ತು. ಮೂರನೆಯವನ ಹೊತ್ತಿಗೆ ಸುಮ್ಮನಾದೆ. ಅಕ್ಕಿಆಲೂರಿನಲ್ಲಿ ಇಳಿಯುವಾಗ ಮುದುಕಿ ತನ್ನ ಗಂಟಿನಿಂದ ಒಂದು ಮುಟಿಗೆ ಹುರಿದ ಶೇಂಗಾ ತೆಗೆದು ನನ್ನ ಕೋಟಿನ ಕಿಸೆಗೆ ಸುರಿದು ಹೋದಳು. ಅವಳೂ ನನ್ನನ್ನು ಕೇಳಲಿಲ್ಲ.

ಇಪ್ಪತ್ತೈದು ಮೈಲಿಯ ದಾರಿಗೆ ಎಂಟು ತಾಸು ಹಿಡಿದು, ಸಂಜೆ ನಾಲ್ಕಕ್ಕೆ ಹಾನಗಲ್ಲು ಮುಟ್ಟಿದೆವು. ತಾರಕೇಶ್ವರನ ಗುಡಿಗೆ ಹೋಗಿ ಆ ಕಲ್ಲಿನ ಕಮಲದ ಛತ್ತನ್ನು ಕತ್ತು ನೋಯುವವರೆಗೆ ನೋಡಿದೆ. ಅಲ್ಲಿಂದ ಒಂದು ಖಾನಾವಳಿಗೆ ಹೋದೆ. ಮಾಲಕ ಬಾಗಿಲಲ್ಲೇ, “ಬರ್ರಿ ಸಾವಕಾರ್ರ, ನಿಮ್ಮ ಮನೀನ ಐತಿ, ಕುಂಡ್ರಿ ಕುಂಡ್ರಿ” ಎಂದ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಊಟ ಚೆನ್ನಾಗಿತ್ತು. ನಾನು ಕೈ ತೊಳೆಯುವಷ್ಟರಲ್ಲಿ ನನ್ನ ಹಿಂದೆ ಬಂದವನಿಗೂ ಅದೇ ನಗೆಯಿಂದ ಅದೇ ಮಾತು ಹೇಳಿದ. ಅವನ ನಗೆ ಸುಳ್ಳಲ್ಲ, ಅದರಿಂದ ರೊಟ್ಟಿಯ ರುಚಿಯೂ ಹೆಚ್ಚುತ್ತದೆ. ಆದರೆ ನನ್ನ ಉಪನ್ಯಾಸದ ಮೂರನೆಯ ಪುಟದಲ್ಲಿ ಇದನ್ನೇ ಸ್ನೇಹ ಎಂದು ಬರೆದಿದ್ದೆ. ರಾತ್ರಿ ತಂಗುವ ಬಿಡದಿಗೆ ಬಂದು ಆ ಪುಟಕ್ಕೆ ಅಡ್ಡಗೆರೆ ಹಾಕಿದೆ. ಹನ್ನೊಂದು ಪುಟ ಉಳಿದವು. ಒಂದು ಸಂಜೆಗೆ ಅಷ್ಟು ಸಾಕಾಗಿ ಉಳಿಯುತ್ತದೆ.

ಮರುದಿನ ವಿಜಯದಶಮಿ. ಬಂಕಾಪುರದ ಮೇಲೆ ಹಾದು ಮಧ್ಯಾಹ್ನ ಎರಡಕ್ಕೆ ಶಿಗ್ಗಾವಿಗೆ ಬಂದೆ. ಈ ಬಸ್ಸು ನಡುವೆ ಒಂದೇ ಸಲ ನಿಂತಿತ್ತು. ನಾಲ್ಕು ಗಂಟೆಗೆ ಶಾಲೆಯ ಬಯಲಿನಲ್ಲಿ ಬೇವಿನ ಗಿಡದ ಕೆಳಗೆ ಸಭೆ. ಹೊಗಳಿಕೊಳ್ಳುವುದಲ್ಲ, ಚೆನ್ನಾಗಿಯೇ ಮಾತಾಡಿದೆ. ಸ್ನೇಹ ಎಂದರೆ ಎಣ್ಣೆ, ಜಿಡ್ಡು, ಪ್ರೀತಿ. ಬಂಡಿಯ ಕೀಲಿಗೆ ಎಣ್ಣೆ ಬೇಕು, ಮನುಷ್ಯರ ನಡುವೆ ಸ್ನೇಹ ಬೇಕು. ಜನ ತಲೆದೂಗಿದರು. ಚಪ್ಪಾಳೆ ಬಿತ್ತು, ಚೆಂಡುಹೂವಿನ ಮಾಲೆ ಬಿತ್ತು. ಯಾರಾದರೂ ಏನಾದರೂ ಕೇಳುವುದಿದ್ದರೆ ಕೇಳಬಹುದು ಎಂದೆ. ಹಿರೇಬೆಂಡಿಗೇರಿಯ ಒಬ್ಬ ಒಕ್ಕಲಿಗ ಮುದುಕ, ಹೆಗಲ ಮೇಲೆ ಕಂಬಳಿ ಹೊತ್ತವನು, ಹಿಂದಿನಿಂದ ಎದ್ದು ನಿಂತ.

“ಎಲ್ಲಾ ಬರೋಬರಿ ಹೇಳಿದ್ರಿ ಮಾಸ್ತರ. ಒಂದು ಬಿಟ್ರಿ. ಮುರದ ಸ್ನೇಹ ಹೆಂಗ ಕೂಡಸೂದು?”

ಆ ಪ್ರಶ್ನೆಗೆ ನನ್ನ ಹನ್ನೊಂದು ಪುಟದಲ್ಲಿ ಜಾಗವಿರಲಿಲ್ಲ. ಆದರೂ ಗಂಟಲು ಸರಿಮಾಡಿಕೊಂಡು, ತಪ್ಪಿದವನು ತಪ್ಪು ಒಪ್ಪಿಕೊಳ್ಳಬೇಕು, ಇನ್ನೊಬ್ಬನು ಕ್ಷಮಿಸಬೇಕು ಎಂದೆ.

“ಅದು ಕೋರ್ಟಿನ ರಾಜಿ ಆತಲ್ರಿ,” ಎಂದ ಮುದುಕ. ಸಭೆ ಗೊಳ್ಳೆಂದಿತು.

“ಹಂಗಾದ್ರ ನೀವ ಹೇಳ್ರಿ,” ಎಂದೆ. ಸ್ವಲ್ಪ ಬಿರುಸಾಗಿಯೇ ಎಂದೆ.

“ನಮ್ಮೂರಾಗ ಇಬ್ಬರು ಮಾತು ಬಿಟ್ರ, ಮಾತಾಡಸಾಕ ಹೋಗೂದಿಲ್ರಿ. ಮಾತಿನಾಗ ಮತ್ತ ಮಾತು ಬೆಳೀತಾವು. ಹೊಲಕ್ಕ ಹೋಗಿ ಅವನ ಮಗ್ಗಲದ ಸಾಲು ಹಿಡದು ಕಳೆ ತಗೀತೇವಿ. ಅಂವ ಬ್ಯಾಡ ಅನ್ನೂದಿಲ್ಲ, ಹೂಂ ಅನ್ನೂದಿಲ್ಲ. ಸಾಲು ತೀರೂದ್ರಾಗ ತಾನಾಗೇ ನೀರಿನ ತಂಬಿಗಿ ಹಿಡದು ನಿಂತಿರತಾನ.”

ಅದಕ್ಕೂ ಚಪ್ಪಾಳೆ ಬಿತ್ತು. ನನಗೆ ಬಿದ್ದುದಕ್ಕಿಂತ ಜೋರಾಗಿಯೇ ಬಿತ್ತು.

ಹೊತ್ತು ಇಳಿಯುವಾಗ ಊರೆಲ್ಲ ಬನ್ನಿ ಗಿಡದ ಕಡೆ ನಡೆಯಿತು. ಪೂಜೆಯಾದ ಮೇಲೆ ಸೊಪ್ಪು ಕಿತ್ತು ಒಬ್ಬರಿಗೊಬ್ಬರು ಕೊಟ್ಟೆವು. “ಬನ್ನಿ ತೊಗೊಂಡು ಬಂಗಾರದಂಗ ಇರೂಣ,” ಎಂದು ಗುರುತಿಲ್ಲದವರೂ ನನ್ನ ಕೈ ಹಿಡಿದು ಹೇಳಿದರು. ಸಭೆಯಲ್ಲಿದ್ದ ಮಾಸ್ತರರು ನನ್ನನ್ನು ಸುತ್ತುಗಟ್ಟಿ ಮಾತಾಡುತ್ತ, ಚಂಚಿಯಲ್ಲಿ ಉಳಿದಿದ್ದ ಎಲೆ ಅಡಿಕೆಯ ತಳ ಕಾಣಿಸಿದರು. ಬರಿದಾದ ಖಾನೆಯೊಳಗೆ ಒಂದು ಹಿಡಿ ಬನ್ನಿ ತುಂಬಿಕೊಂಡೆ, ದಾವಲನಿಗೆಂದು.

ಮೂರನೆಯ ದಿನ ಮುಂಜಾನೆ ಟಾಂಗಾ ಹತ್ತಿದೆ. ಸವಣೂರು ನವಾಬರ ಸಂಸ್ಥಾನ. ಗಡಿಯ ಕಲ್ಲು ದಾಟಿದರೂ ಅದೇ ಕರಿಮಣ್ಣು, ಅದೇ ಜೋಳ. ಊರು ಹತ್ತಿರವಾದಂತೆ ಗಾಳಿಗೆ ಎಲೆತೋಟದ ತಂಪು ಬಂತು. ಮೂರು ಜನ ಕೈ ಚಾಚಿದರೂ ತಬ್ಬಲಾಗದ ಆ ದೊಡ್ಡಹುಣಸೆಯ ಮರಗಳನ್ನು ದೂರದಿಂದಲೇ ತೋರಿಸಿ ಟಾಂಗಾದವನು ಅವುಗಳ ವಯಸ್ಸು ಎರಡು ಸಾವಿರ ವರ್ಷ ಎಂದ. ಶಿಗ್ಗಾವಿ ಬಿಡುವಾಗ ಸಾವಿರ ಎಂದಿದ್ದ. ಬೇರೆ ದಿನವಾಗಿದ್ದರೆ ವಾದಿಸುತ್ತಿದ್ದೆ. ಆವತ್ತು ನನಗೆ ದಾವಲನ ಓಣಿಯ ಹೊರತು ಏನೂ ಕಾಣುತ್ತಿರಲಿಲ್ಲ.

ಬಾಗಿಲಲ್ಲಿ ಅವನೇ ನಿಂತಿದ್ದ. ಗಡ್ಡದಲ್ಲಿ ನಾಲ್ಕು ಬಿಳಿಕೂದಲು ಹೊಸವು. ಒಂದು ಕ್ಷಣ ಅವನ ಮುಖ ಅರಳಿತು, ಅದನ್ನು ನಾನು ಕಣ್ಣಾರೆ ನೋಡಿದೆ. ಮರುಕ್ಷಣ ಅದನ್ನು ಮಡಿಚಿಟ್ಟ.

“ಬರ್ರಿ ಮಾಸ್ತರ. ಪ್ರಯಾಣ ಸುಖ ಆತ್ರಿ? ಕುಂಡ್ರಿ.”

ಕಂಬಳಿ ಹಾಸಿದ, ನೀರು ತಂದ, ಚಹಾ ತರಿಸಿದ. ನನ್ನ ಮನೆಯವರೆಲ್ಲರ ಕ್ಷೇಮವನ್ನು ವಯಸ್ಸಿನ ಕ್ರಮದಲ್ಲಿ ವಿಚಾರಿಸಿದ. ಆಮೇಲೆ ಒಳಗೆ ಹೋಗಿ ತಬಕು ತಂದು ನನ್ನ ಮುಂದಿಟ್ಟ. ಎಳೆ ಎಲೆ, ಚಿಕಣಿ ಅಡಿಕೆ, ಲವಂಗ, ಏಲಕ್ಕಿ. ಸುತ್ತಲೂ ಗುಲಾಬಿ ಪಕಳೆ. ಇಷ್ಟು ಚೆಂದದ ತಬಕನ್ನು ನಾನು ಲಗ್ನದಲ್ಲೂ ನೋಡಿರಲಿಲ್ಲ. ಖಾನಾವಳಿಯ ಮಾಲಕನಲ್ಲಿ ಕಂಡ ನಗೆಯೇ ಇಲ್ಲಿಯೂ ಇತ್ತು.

“ದಾವಲಾ, ತಪ್ಪು ನಂದು,” ಎಂದೆ.

“ತಪ್ಪು ಏನೈತ್ರಿ ಅದರಾಗ? ನೀವು ಮರ್ಯಾದಿ ಕೊಟ್ರಿ. ನಾ ತೊಗೊಂಡೆ.”

“ಹಂಗಲ್ಲೋ...”

“ಎಲಿ ಹಾಕ್ಕೋರಿ, ಮಾಸ್ತರ.”

ಒಳಬಾಗಿಲ ಪರದೆಯ ಹಿಂದಿನಿಂದ ಅವನ ತಾಯಿಯ ದನಿ ಬಂತು. “ದಾವಲಾ, ಯಾರು ಬಂದಾರೋ?”

“ಮಾಸ್ತರ ಬಂದಾರ ಅಮ್ಮಾ.”

“ಯಾವ ಮಾಸ್ತರ?”

ನಾನೇ ಕೂಗಿದೆ. “ನಾನ ಅಮ್ಮಾ, ಬಸ್ಯಾ!”

“ಬಸ್ಯಾ ಬಂದಾನಂತ ಹೇಳೂದು ಬಿಟ್ಟು ಮಾಸ್ತರಂತ, ಮಾಸ್ತರ!” ಎಂದು ಮುದುಕಿ ಮಗನನ್ನು ಬೈದಳು. ಅವನು ನೆಲ ನೋಡುತ್ತ ಎದ್ದ. ತೋಟದಲ್ಲಿ ಎಲೆ ಕೀಳುವುದಿದೆ, ಬಿಸಿಲೇರಿದರೆ ಬಾಡುತ್ತವೆ, ನಾನು ವಿಶ್ರಾಂತಿ ತೆಗೆದುಕೊಳ್ಳಬೇಕು ಎಂದು ಹೇಳಿ ಬುಟ್ಟಿ ಎತ್ತಿಕೊಂಡು ಹೊರಟ.

ತಬಕು ನನ್ನೆದುರು ಇತ್ತು. ಮುಟ್ಟಲಿಲ್ಲ. ನನ್ನ ಗಂಟಲಲ್ಲಿ ಇನ್ನೂ ಹತ್ತು ವಾಕ್ಯ ತಯಾರಿದ್ದವು, ಒಂದಕ್ಕಿಂತ ಒಂದು ಚೆನ್ನಾದವು. ಕಂಬಳಿಯ ಮುದುಕನನ್ನು ನೆನೆದು ಎಲ್ಲವನ್ನೂ ನುಂಗಿದೆ. ಕೋಟು ಕಳಚಿ ಗೂಟಕ್ಕೆ ಹಾಕಿ ಅವನ ಹಿಂದೆ ನಡೆದೆ.

ಎಲೆತೋಟದೊಳಗೆ ಕೆರ ಮೆಟ್ಟಿ ಹೋಗಬಾರದು. ಇಬ್ಬರ ಕೆರಗಳೂ ಬೇಲಿಯ ಹೊರಗೆ ಕೂತವು. ಒಳಗೆ ನೆಲ ತಂಪು, ತಲೆಯ ಮೇಲೆ ಬಳ್ಳಿಯ ಹಸಿರು ಕತ್ತಲು. ದಾವಲ ಹೆಬ್ಬೆರಳಿಗೆ ತಗಡಿನ ಉಗುರು ಸಿಕ್ಕಿಸಿಕೊಂಡು ಚಟ್ ಚಟ್ ಎಂದು ಎಲೆ ಕೀಳುತ್ತಿದ್ದ. ನನ್ನನ್ನು ನೋಡಿದ, ಬರ್ರಿ ಎನ್ನಲಿಲ್ಲ, ಬ್ಯಾಡ ಎನ್ನಲಿಲ್ಲ. ನಾನು ಬುಟ್ಟಿಯ ಮುಂದೆ ಕೂತು ಅವನು ಹಾಕಿದ ಎಲೆಗಳನ್ನು ಕಟ್ಟು ಮಾಡತೊಡಗಿದೆ. ಮುಲ್ಕಿಯ ದಿನಗಳಲ್ಲಿ ರಜೆಗೆ ಬಂದಾಗ ಮಾಡಿದ ಕೆಲಸ, ಬೆರಳು ಮರೆತಿದ್ದವು. ತೊಟ್ಟುಗಳು ಒಂದು ಕಡೆ ಬರಲಿಲ್ಲ. ದಾವಲ ಬಗ್ಗಿ ಮೊದಲನೆಯ ಕಟ್ಟನ್ನು ಬಿಚ್ಚಿ ಸರಿಮಾಡಿ ಇಟ್ಟ. ಎರಡನೆಯದನ್ನೂ ಬಿಚ್ಚಿದ. ಐದನೆಯದನ್ನು ನೋಡಿ ಹಾಗೇ ಬಿಟ್ಟ. ನನ್ನಂಥವನಿಗೆ ಒಂದೂವರೆ ತಾಸು ಬಾಯಿ ಮುಚ್ಚಿಕೊಂಡಿರುವುದು ಬಸ್ಸು ನೂಕುವುದಕ್ಕಿಂತ ಭಾರ. ಬೆನ್ನು ನೋಯುತ್ತಿತ್ತು, ಆದರೂ ಮೂರು ವರ್ಷದಲ್ಲಿ ಅಷ್ಟು ಹಗುರಾಗಿ ನಾನು ಎಲ್ಲಿಯೂ ಕೂತಿರಲಿಲ್ಲ.

ಬುಟ್ಟಿ ತುಂಬಿತು. ದಾವಲ ಬಂದು ನನ್ನ ಮಗ್ಗುಲಲ್ಲಿ ಬದುವಿನ ಮೇಲೆ ಕೂತ. ತಗಡಿನ ಉಗುರು ಕಳಚಿದ, ಬೆವರು ಒರೆಸಿಕೊಂಡ. ಒಂದು ಎಳೆ ಎಲೆಯನ್ನು ತೊಡೆಗೆ ಉಜ್ಜಿ ತೊಟ್ಟು ಮುರಿದ. ಬಳ್ಳಿಗಳ ಕಡೆ ನೋಡುತ್ತ, “ಈ ಸಲ ಮಳಿ ಬೇಶ್ ಆತು,” ಎಂದ. ನನಗೆ ಹೇಳಿದನೋ ಬಳ್ಳಿಗೆ ಹೇಳಿದನೋ ತಿಳಿಯದು. ಹಾಗೆನ್ನುತ್ತಲೇ ಅವನ ಎಡಗೈ ನನ್ನ ಸೊಂಟದ ಕಡೆ ಬಂತು.

ಬಂದು, ಗೇಣುದ್ದ ದೂರದಲ್ಲಿ ನಿಂತಿತು.

ಆ ಕೈಗೂ ಆ ದಿನ ನೆನಪಿತ್ತು. ಚಂಚಿಯನ್ನು ಬಿಚ್ಚಿ ಅವನ ಮುಂದೆ ಹಿಡಿಯಬೇಕೆಂದು ನನ್ನ ಜೀವ ತಹತಹಿಸಿತು. ಹಿಡಿದಿದ್ದರೆ ಅದೂ ಒಂದು ತಬಕೇ ಆಗುತ್ತಿತ್ತು. ನಾನು ಮಾಡಿದ್ದು ಇಷ್ಟೇ: ಸೊಂಟಕ್ಕೆ ಒತ್ತಿಕೊಂಡಿದ್ದ ನನ್ನ ತೋಳನ್ನು ಎತ್ತಿ ಆಚೆ ಇಟ್ಟೆ. ಇಟ್ಟು, “ಹೂಂ, ನಮ್ಮ ಕಡೆನೂ ಕೆರಿ ತುಂಬ್ಯಾವು,” ಎಂದೆ.

ಕೈ ಚಂಚಿಯೊಳಗೆ ಹೋಯಿತು. ಒಂದು ಖಾನೆ ತಡಕಿತು, ಎರಡನೆಯದನ್ನು ತಡಕಿತು, ಹೊರಗೆ ಬಂತು. ದಾವಲ ಅಂಗೈ ತೆರೆದು ನೋಡಿದ. ಹಿಡಿ ತುಂಬ ಬನ್ನಿಯ ಸೊಪ್ಪು.

“ಲೇ ಬಸ್ಯಾ! ಅಡಕಿ ಎಲ್ಲೈತಲೇ?”

“ಮಾಸೂರ ಮುದುಕಿ ತಿಂದ್ಲು. ಡ್ರೈವರ ತಿಂದ. ಶಿಗ್ಗಾವಿ ಮಾಸ್ತರಗೋಳು ತಳಾ ಬಳದ್ರು.”

“ಕೇಳಿ ತಿಂದ್ರೋ?”

“ಯಾರೂ ಕೇಳಲಿಲ್ಲ.”

“ನೀ ಯಾರ ಕೈಯೂ ಹಿಡೀಲಿಲ್ಲ?”

“ಇಲ್ಲ.”

ದಾವಲ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ, ಆಮೇಲೆ ಕಣ್ಣಲ್ಲಿ ನೀರು ಬರುವಂತೆ. ನನಗೂ ಬಂತು, ನಗುವಿನ ನೀರೆಂದು ಇಬ್ಬರೂ ಸೋಗು ಹಾಕಿದೆವು. ಅವನು ಆ ಸೊಪ್ಪಿನಲ್ಲಿ ಅರ್ಧ ನನ್ನ ಕೈಗಿಟ್ಟು, “ತೊಗೊ, ಬಂಗಾರದಂಗ ಇರೂಣ. ಅಡಕಿ ಇಲ್ಲದ ಚಂಚಿ ಕಟಗೊಂಡು ಸವಣೂರಿಗೆ ಬಂದೀಯಲ್ಲೋ, ನೀ ಎಂಥಾ ಹೆಡ್ ಮಾಸ್ತರಲೇ!” ಎಂದ.

ಮಧ್ಯಾಹ್ನ ಅವನ ತಾಯಿ ಮಾಡಿಸಿದ ಊಟ ಉಂಡೆ. ಏನೇನಿತ್ತು ಎಂದು ಬರೆಯುವಷ್ಟು ಗಮನ ನನಗಿರಲಿಲ್ಲ, ಮಾತೇ ಬಹಳವಿತ್ತು. ಮೂರು ವರ್ಷದ ಬಾಕಿ. ತಬಕು ಇಟ್ಟಲ್ಲೇ ಇತ್ತು, ಗುಲಾಬಿ ಪಕಳೆ ಬಾಡಿದ್ದವು. ಮೂರು ಗಂಟೆಗೆ ಟಾಂಗಾ ಬಂತು. ದಾವಲ ನನ್ನನ್ನು ನಿಲ್ಲಿಸಿ ಚಂಚಿಯ ಮೂರು ಖಾನೆಯನ್ನೂ ತಾನೇ ಒತ್ತಿ ಒತ್ತಿ ತುಂಬಿದ, ಸೊಂಟಕ್ಕೆ ಸಿಕ್ಕಿಸಿದ, ನನ್ನನ್ನು ಟಾಂಗಾಕ್ಕೆ ಹತ್ತಿಸಿದ.

ಕುದುರೆ ನಡೆಯತೊಡಗಿತು. ಓಣಿಯ ತಿರುವಿನವರೆಗೆ ಅವನು ಗಾಲಿಯ ಮಗ್ಗುಲಲ್ಲೇ ನಡೆದು ಬಂದ. ಬರುವ ಸಂಕ್ರಾಂತಿಗೆ ಹಿರೇಕೆರೂರಿಗೆ ಬರುತ್ತೇನೆ, ಗಂಗವ್ವನಿಗೆ ಹೇಳು ಎನ್ನುತ್ತ, ತಾನೇ ಈಗಷ್ಟೇ ತುಂಬಿಸಿದ ಆ ಚಂಚಿಗೆ ಕೈ ಹಾಕಿ, ಒಂದು ಎಲೆ, ಒಂದು ಹೋಳು ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡು, ತಿರುಗಿ ಮನೆಯ ಕಡೆ ನಡೆದ.